ಮಜರೆಯಲ್ಲಿ ಅಳೆಯಿರಿ, ಮಳೆಗಾಲದಲ್ಲಿ ಅಳೆಯಿರಿ

೨೦೨೫ರ ಸೆಪ್ಟೆಂಬರ್ ೨೭ರಂದು ಒಡಿಶಾದ ಝಾರ್ಸುಗುಡಾದಲ್ಲಿ ಪ್ರಧಾನಿಯವರು ಬಿಎಸ್ಸೆನ್ನೆಲ್ ಸಂಸ್ಥೆಯ ಸ್ವದೇಶಿ ೪ಜಿ ಜಾಲವನ್ನು ದೇಶಕ್ಕೆ ಅರ್ಪಿಸಿದರು. ಸಂಸ್ಥೆಯ ೯೨,೬೦೦ ೪ಜಿ ತಾಣಗಳೂ ಸೇರಿದಂತೆ ೯೭,೫೦೦ಕ್ಕೂ ಹೆಚ್ಚು ಗೋಪುರಗಳು, ಸುಮಾರು ೩೭,೦೦೦ ಕೋಟಿ ರೂಪಾಯಿ ವೆಚ್ಚ. ಇವು ಅಂದು ಪ್ರಕಟವಾದ ಅಂಕಿಗಳು. ಟಿಸಿಎಸ್, ಸಿ-ಡಾಟ್ ಹಾಗೂ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕೂಡಿ ಈ ತಂತ್ರಜ್ಞಾನವನ್ನು ರೂಪಿಸಿವೆ. ಹೊರದೇಶದ ಉಪಕರಣಗಳನ್ನೇ ನಂಬಿಕೊಂಡಿದ್ದ ಕ್ಷೇತ್ರದಲ್ಲಿ ಇದು ಸಣ್ಣ ಸಾಧನೆಯಲ್ಲ. ಲಾಭವಿಲ್ಲವೆಂದು ಬೇರೆಯವರು ಬಿಟ್ಟ ಊರುಗಳಿಗೆ ದೂರವಾಣಿಯನ್ನು ಒಯ್ದದ್ದು ಸರ್ಕಾರಿ ಸಂಸ್ಥೆಯೇ ಎಂಬುದನ್ನೂ ಮಲೆನಾಡಿಗರು ಮರೆಯುವಂತಿಲ್ಲ.

ಆದರೆ ಗೋಪುರಗಳ ಸಂಖ್ಯೆ ಒಂದು ಮಾತು, ಮನೆಯೊಳಗಿನ ಫೋನಿಗೆ ಕರೆ ಬರುವುದು ಇನ್ನೊಂದು ಮಾತು. ಮಲೆನಾಡಿನ ಉದ್ದಗಲಕ್ಕೆ ಇಂದು ಕೇಳಿಬರುವ ದೂರು ಎರಡು ಬಗೆಯದು. ಗೋಪುರ ಕಣ್ಣಿಗೆ ಕಾಣುತ್ತದೆ, ಕಣಿವೆಯ ಮನೆಗೆ ಸಿಗ್ನಲ್ ಇಲ್ಲ ಎಂಬುದು ಒಂದು. ಫೋನಿನ ಪರದೆಯಲ್ಲಿ ೪ಜಿ ಎಂದು ತೋರಿಸುತ್ತದೆ, ಕರೆ ಮಾತ್ರ ಹೋಗುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಜನರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಎರಡಕ್ಕೂ ಭೌತಶಾಸ್ತ್ರದ ಕಾರಣಗಳಿವೆ, ಆಡಳಿತದ ಕಾರಣಗಳೂ ಇವೆ. ಇವನ್ನು ತಿಳಿದುಕೊಳ್ಳದೆ ಇನ್ನಷ್ಟು ಗೋಪುರಗಳಿಗಾಗಿ ಒತ್ತಾಯಿಸಿದರೆ ಗುಡ್ಡದ ನೆತ್ತಿಗಳು ಬೋಳಾಗುವುವೇ ಹೊರತು ಕಣಿವೆಯ ಮನೆಗೆ ಮಾತು ಬಾರದು. ಮಲೆನಾಡಿನ ಜಾಲವನ್ನು ಕಂದಾಯ ಗ್ರಾಮದ ಲೆಕ್ಕದಲ್ಲಿ, ಬೇಸಿಗೆಯ ಒಣಹಗಲಿನಲ್ಲಿ ಅಳೆಯುವುದು ನಿಲ್ಲಬೇಕು. ಮಜರೆಯ ಲೆಕ್ಕದಲ್ಲಿ, ಜಡಿಮಳೆಯ ಆಷಾಢದಲ್ಲಿ ಅಳೆಯಬೇಕು. ಈ ಸಂಚಿಕೆಯಲ್ಲಿ ನಾವು ಒತ್ತಿ ಹೇಳಬಯಸುವುದು ಇಷ್ಟನ್ನೇ.

ಕಣಿವೆಯ ಬದುಕು, ಅಲೆಯ ದಾರಿ

ಬಯಲುಸೀಮೆಯ ಊರೆಂದರೆ ಒಂದೆಡೆ ಒತ್ತಾಗಿ ಕೂತ ಮನೆಗಳು. ನಡುವೆ ಒಂದು ಗೋಪುರ ನಿಲ್ಲಿಸಿದರೆ ಊರಿಗೂರೇ ಅದರ ನೋಟಕ್ಕೆ ಬರುತ್ತದೆ. ಮಲೆನಾಡಿನ ಊರು ಹಾಗಿಲ್ಲ. ಒಂದು ಕಂದಾಯ ಗ್ರಾಮವೆಂದರೆ ಹತ್ತಾರು ಮಜರೆ, ಕೇರಿ, ಒಂಟಿಮನೆಗಳು. ಕಣಿವೆಯ ತಳದಲ್ಲಿ ಗದ್ದೆ, ಅದರ ಮೇಲ್ಭಾಗದ ತಂಪಿನಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮನೆ ತೋಟದ ಅಂಚಿನಲ್ಲಿ, ಗುಡ್ಡದ ಮಡಿಲಿನಲ್ಲಿ. ನೀರು, ಸೊಪ್ಪು, ಗಾಳಿಯಿಂದ ರಕ್ಷಣೆ ಈ ಮೂರನ್ನೂ ನೋಡಿಕೊಂಡು ಹಿರಿಯರು ಆರಿಸಿದ ನೆಲೆ ಅದು. ಕೃಷಿಯ ದೃಷ್ಟಿಯಿಂದ ಇದಕ್ಕಿಂತ ವಿವೇಕದ ಆಯ್ಕೆ ಇರಲಾರದು. ಆದರೆ ರೇಡಿಯೋ ಅಲೆಗಳ ದೃಷ್ಟಿಯಿಂದ ಆ ನೆಲೆಯೇ ನೆರಳಿನ ತಾಣ.

ಮೊಬೈಲಿನ ಅಲೆ ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಎತ್ತರದ ನೆತ್ತಿಯ ಮೇಲೆ ನಿಲ್ಲಿಸಿದ ಗೋಪುರ ಬಹುದೂರದ ಬಯಲಿಗೆ ಬೆಳಕು ಚೆಲ್ಲಿದರೂ ತನ್ನ ಕಾಲಬುಡದ ಕಣಿವೆಯನ್ನೇ ಕತ್ತಲಲ್ಲಿಡಬಹುದು. ಅಡ್ಡಿಯನ್ನು ಬಳಸಿ ಬಾಗಿ ಹೋಗುವ ಗುಣ ಅಲೆಗಳಿಗೆ ಇಲ್ಲದಿಲ್ಲ. ಆದರೆ ಆ ಗುಣ ಅಲೆಯ ಉದ್ದವನ್ನು ಅವಲಂಬಿಸಿದೆ. ೭೦೦ ಮೆಗಾಹರ್ಟ್ಸ್‌ನ ಅಲೆ ಸುಮಾರು ೪೩ ಸೆಂಟಿಮೀಟರ್ ಉದ್ದದ್ದು. ೨೧೦೦ ಮೆಗಾಹರ್ಟ್ಸ್‌ನದು ಸುಮಾರು ೧೪ ಸೆಂಟಿಮೀಟರ್ ಮಾತ್ರ. ಉದ್ದನೆಯ ಅಲೆ ಗುಡ್ಡದ ಅಂಚನ್ನು ಬಳಸಿ ಒಂದಿಷ್ಟಾದರೂ ಕೆಳಗಿಳಿಯುತ್ತದೆ, ಮರಗಳ ನಡುವೆ ತೂರಿಬರುತ್ತದೆ. ಗಿಡ್ಡನೆಯ ಅಲೆ ಹೆಚ್ಚು ಮಾಹಿತಿಯನ್ನು ಹೊರಬಲ್ಲದಾದರೂ ಎಲೆ, ರೆಂಬೆ, ಒದ್ದೆ ಗೋಡೆಗಳಲ್ಲಿ ಬೇಗ ಸೊರಗುತ್ತದೆ. ಬಿಎಸ್ಸೆನ್ನೆಲ್ ತನ್ನ ೪ಜಿಗಾಗಿ ಈ ಎರಡೂ ತರಂಗಗಳನ್ನು ಪಡೆದಿದೆ. ಗುಡ್ಡಗಾಡಿನ ಪ್ರತಿ ತಾಣದಲ್ಲೂ ೭೦೦ರ ಉಪಕರಣ ಇರಲೇಬೇಕೆಂಬುದು ಆದ್ದರಿಂದ ನ್ಯಾಯವಾದ ಬೇಡಿಕೆ. ಜತೆಗೆ ಇನ್ನೊಂದು ಎಚ್ಚರಿಕೆಯೂ ಬೇಕು: ಹಳೆಯ ೪ಜಿ ಫೋನುಗಳಲ್ಲಿ ಎಷ್ಟೋ ೭೦೦ರ ಅಲೆಯನ್ನು ಹಿಡಿಯಲಾರವು. ಹೊಸ ಫೋನು ಕೊಳ್ಳುವವರು ಈ ವಿವರವನ್ನು ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಮೇಲ್ದರ್ಜೆಗೆ ಏರುವಾಗ ಕೆಳಗುಳಿದವರು

ಎರಡನೆಯ ದೂರು, ಅಂದರೆ ೪ಜಿ ಕಂಡರೂ ಕರೆ ಹೋಗದಿರುವುದು, ಹಲವರಿಗೆ ಒಗಟಾಗಿದೆ. ೨ಜಿ ಮತ್ತು ೩ಜಿಗಳಲ್ಲಿ ಮಾತಿಗೇ ಮೀಸಲಾದ ಹಾದಿಯಿತ್ತು. ೪ಜಿಯಲ್ಲಿ ಅದಿಲ್ಲ, ಮಾತು ಕೂಡ ಇಂಟರ್ನೆಟ್ಟಿನ ಮಾಹಿತಿಯಂತೆಯೇ ತುಣುಕುಗಳಾಗಿ ಸಾಗಬೇಕು. ಇದನ್ನು ‘ವೋಲ್ಟೆ’ ಎನ್ನುತ್ತಾರೆ. ಫೋನಿನಲ್ಲಿ ಆ ಸೌಲಭ್ಯವಿಲ್ಲದಿದ್ದರೆ, ಇದ್ದೂ ಅದು ಆ ಸಂಸ್ಥೆಯ ಜಾಲಕ್ಕೆ ಹೊಂದಿಕೊಳ್ಳದಿದ್ದರೆ, ಕರೆಯ ಹೊತ್ತಿಗೆ ಫೋನು ಹಳೆಯ ಜಾಲಕ್ಕೆ ಇಳಿಯಬೇಕಾಗುತ್ತದೆ. ಹಳೆಯ ಜಾಲ ಅಲ್ಲಿ ದುರ್ಬಲವಾಗಿದ್ದರೆ ಕರೆ ಅಲ್ಲಿಗೇ ಮುಗಿಯಿತು.

ಬಿಎಸ್ಸೆನ್ನೆಲ್‌ನ ೩ಜಿ ಇದ್ದುದೂ ೨೧೦೦ರ ತರಂಗದಲ್ಲೇ. ೪ಜಿಗೆ ಜಾಗ ಮಾಡಿಕೊಡಲು ೩ಜಿ ತೆರವಾಗಬೇಕಾಯಿತು. ಇದರ ಪರಿಣಾಮವಾಗಿ ಹಳೆಯ ೩ಜಿ ಫೋನು ಹಿಡಿದವರು ಒಮ್ಮೆಲೆ ೨ಜಿಗೆ ಇಳಿದರು. ಸಿಮ್ ಬದಲಿಸಬೇಕು, ಫೋನು ಬದಲಿಸಬೇಕು ಎಂಬ ಸೂಚನೆ ಇಂಗ್ಲಿಷಿನ ಸಂದೇಶವಾಗಿ ಬಂದರೆ ತೋಟದ ಕೂಲಿಯವರಿಗೆ, ವಯಸ್ಸಾದವರಿಗೆ ಅದು ತಲುಪಿದಂತಾಗಲಿಲ್ಲ. ಮನುಷ್ಯರಷ್ಟೇ ಅಲ್ಲ, ಯಂತ್ರಗಳೂ ಹಳೆಯ ಜಾಲವನ್ನು ನೆಚ್ಚಿಕೊಂಡಿವೆ. ಕೆರೆದಂಡೆಯ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರುಗಳಲ್ಲಿ ಬಹುಪಾಲು ೨ಜಿ ಸಿಮ್‌ನವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗೊಂದರಂತೆ ನಿಲ್ಲಿಸಿರುವ ಮಳೆಮಾಪಕಗಳು ಸೌರಶಕ್ತಿಯಿಂದ ನಡೆದು ಮೊಬೈಲ್ ಜಾಲದ ಮೂಲಕವೇ ಮಳೆಯ ಅಂಕಿಗಳನ್ನು ಕಳಿಸುತ್ತವೆ. ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ಇಂಥ ಅಂಕಿಗಳನ್ನು ಅವಲಂಬಿಸಿದೆ. ಅಲೆ ಸಿಗದ ಮೂಲೆಯಲ್ಲಿ ಮಾಪಕ ಮೂಕವಾದರೆ ಕೊಳೆರೋಗದಿಂದ ಫಸಲು ಕಳೆದುಕೊಂಡ ರೈತನ ಪರಿಹಾರವೂ ತೂಗುಯ್ಯಾಲೆಗೆ ಬೀಳುತ್ತದೆ. ಆದ್ದರಿಂದ ಒಂದು ಜಾಲವನ್ನು ಮುಚ್ಚುವ ಮುನ್ನ ಅದರ ಮೇಲೆ ಏನೇನು ನಿಂತಿದೆ ಎಂಬ ಪಟ್ಟಿಯನ್ನು ತಯಾರಿಸಬೇಕು. ಮಜರೆಗೆ ಹೊಸ ಜಾಲ ಮುಟ್ಟಿದ ಮೇಲಷ್ಟೇ ಹಳೆಯದನ್ನು ತೆಗೆಯಬೇಕು.

ಮಳೆಗಾಲದ ಮೌನ

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರ ಅನುಭವ. ಆದರೆ ಮಳೆಹನಿ ನೇರವಾಗಿ ಫೋನಿನ ಅಲೆಯನ್ನು ತಡೆಯುವುದು ಅತ್ಯಲ್ಪ. ಅಷ್ಟು ಉದ್ದದ ಅಲೆಗೆ ಹನಿ ಲೆಕ್ಕಕ್ಕಿಲ್ಲ. ನಿಜವಾದ ಕಾರಣಗಳು ಬೇರೆ. ಮೊದಲನೆಯದು ವಿದ್ಯುತ್ತು. ಮರ ಬಿದ್ದು ತಂತಿ ಹರಿದರೆ ಗೋಪುರ ಬ್ಯಾಟರಿಯ ಮೇಲೆ ನಡೆಯುತ್ತದೆ; ಬ್ಯಾಟರಿ ಹಳತಾಗಿದ್ದು ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಮೂಕವಾಗುತ್ತದೆ. ಎರಡನೆಯದು ಗೋಪುರವನ್ನು ಹೊರಜಗತ್ತಿಗೆ ಜೋಡಿಸುವ ಕೊಂಡಿ. ಅದು ನೆಲದೊಳಗಿನ ಫೈಬರ್ ಕೇಬಲ್ ಆಗಿದ್ದರೆ ಧರೆ ಕುಸಿದಾಗ, ರಸ್ತೆ ಅಗೆದಾಗ ತುಂಡಾಗುತ್ತದೆ. ಗೋಪುರದಿಂದ ಗೋಪುರಕ್ಕೆ ತಟ್ಟೆಯಾಕಾರದ ಆಂಟೆನಾದ ಮೂಲಕ ಸಾಗುವ ಮೈಕ್ರೋವೇವ್ ಆಗಿದ್ದರೆ ಅದು ಅತಿ ಗಿಡ್ಡನೆಯ ಅಲೆ. ಜಡಿಮಳೆ ನಿಜಕ್ಕೂ ತಡೆಯುವುದು ಅದನ್ನು. ಮೂರನೆಯದು ಒದ್ದೆ ಕಾಡು. ನೀರು ಹೊತ್ತ ಎಲೆಗಳ ರಾಶಿ ಬೇಸಿಗೆಯ ಎಲೆಗಳಿಗಿಂತ ಹೆಚ್ಚು ಅಲೆಯನ್ನು ಹೀರುತ್ತದೆ. ಫೆಬ್ರವರಿಯಲ್ಲಿ ಬಂದು ಪರೀಕ್ಷೆ ಮಾಡಿದ ಎಂಜಿನಿಯರರ ವರದಿಯಲ್ಲಿ ಈ ಮೂರರಲ್ಲಿ ಒಂದೂ ಕಾಣಿಸದು.

ಆದರೆ ಜಾಲ ತೀರಾ ಬೇಕಾಗುವುದು ಮಳೆಗಾಲದಲ್ಲೇ. ಬೋರ್ಡೋ ದ್ರಾವಣ ಸಿಂಪಡಿಸಲು ಎರಡು ಹೊಳವಿನ ದಿನಗಳನ್ನು ಹುಡುಕುವ ತೋಟಿಗನಿಗೆ ಮುನ್ಸೂಚನೆ ಬೇಕು. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ಯಂಥ ವ್ಯವಸ್ಥೆ ಇದೆ, ಅದು ಸಂಪರ್ಕವಿರುವ ಫೋನಿಗೆ ಮಾತ್ರ ಮುಟ್ಟುತ್ತದೆ. ಮರದಿಂದ ಬಿದ್ದ ಕೊನೆಗಾರನಿಗೆ, ಹಾವು ಕಚ್ಚಿದ ಕೂಲಿಯಾಳಿಗೆ, ನಡುರಾತ್ರಿಯ ಹೆರಿಗೆ ನೋವಿಗೆ ೧೦೮ನ್ನು ಕರೆಯಲು ಗುಡ್ಡ ಹತ್ತಬೇಕಾದರೆ ಆ ಅರ್ಧ ಗಂಟೆಗೆ ಒಂದು ಜೀವದ ಬೆಲೆಯಿದೆ. ೨೦೧೮ರಲ್ಲಿ ಕೊಡಗು, ೨೦೨೧ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳ ೩೦ರಂದು ನೆರೆಯ ವಯನಾಡು: ನಮ್ಮ ಗುಡ್ಡಗಳು ಕುಸಿಯುತ್ತಿವೆ. ಅಪಾಯದ ಪ್ರದೇಶದ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಗಂಟೆ ಬಾರಿಸುವ ‘ಸೆಲ್ ಬ್ರಾಡ್‌ಕಾಸ್ಟ್’ ವ್ಯವಸ್ಥೆಯನ್ನು ೨೦೨೩ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಲಾಯಿತು. ಆ ಗಂಟೆ ಮೊಳಗಬೇಕಾದರೆ ಕುಸಿತದ ಹಿಂದಿನ ರಾತ್ರಿ ಗೋಪುರ ಜೀವಂತವಾಗಿರಬೇಕು. ಮೂರು ದಿನ ವಿದ್ಯುತ್ತಿಲ್ಲದ ಊರಿನಲ್ಲಿ ಅದು ಜೀವಂತವಾಗಿರುವುದೆಂತು?

ಸರ್ಕಾರದ ಸೇವೆಗಳೂ ಒಂದೊಂದಾಗಿ ಫೋನನ್ನೇರುತ್ತಿವೆ. ಪಡಿತರದ ಬೆರಳಚ್ಚಿಗೆ ಜಾಲ ಬೇಕು. ಉದ್ಯೋಗ ಖಾತರಿ ಕೆಲಸದ ಹಾಜರಿಯನ್ನು ಫೋಟೋ ಸಮೇತ ಮೊಬೈಲಿನಲ್ಲೇ ದಾಖಲಿಸುವುದು ೨೦೨೩ರ ಜನವರಿಯಿಂದ ಕಡ್ಡಾಯವಾಯಿತು. ಕೋವಿಡ್ ಕಾಲದಲ್ಲಿ ನಮ್ಮ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿದ್ದನ್ನು, ೨೦೨೧ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ನೋಡಿತು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಕೂಗೆದ್ದದ್ದೂ ಆ ದಿನಗಳಲ್ಲೇ. ಸೇವೆಯನ್ನು ಜಾಲಕ್ಕೆ ಕಟ್ಟಿಹಾಕುವ ಸರ್ಕಾರಕ್ಕೆ ಜಾಲವನ್ನು ಮನೆಗೆ ಮುಟ್ಟಿಸುವ ಹೊಣೆಯೂ ಇದೆ. ಅಲ್ಲಿಯವರೆಗೆ ಕಾಗದದ ಹಾದಿಯನ್ನು ತೆರೆದಿಡುವ ಹೊಣೆಯೂ ಇದೆ.

ಕಡತದ ಗ್ರಾಮ, ನೆಲದ ಮಜರೆ

೨೦೨೨ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ೪ಜಿ ಯೋಜನೆಯೊಂದಿದೆ. ಜಾಲವಿಲ್ಲದ ೨೪,೬೮೦ ಗ್ರಾಮಗಳಿಗೆ ೪ಜಿ ಒಯ್ಯುವುದು, ೨ಜಿ–೩ಜಿ ಮಾತ್ರ ಇರುವ ೬,೨೭೯ ಗ್ರಾಮಗಳನ್ನು ೪ಜಿಗೆ ಏರಿಸುವುದು ಅದರ ಗುರಿ. ವೆಚ್ಚ ೨೬,೩೧೬ ಕೋಟಿ ರೂಪಾಯಿ. ಉದ್ದೇಶ ಶ್ಲಾಘನೀಯ. ಆದರೆ ಲೆಕ್ಕದ ಘಟಕ ಗ್ರಾಮ. ಪಂಚಾಯತಿ ಕಚೇರಿಯ ಸುತ್ತ ಅಲೆ ಸಿಕ್ಕಿ, ಹೊಳೆಯಾಚೆಯ ಐದು ಮಜರೆಗಳು ಕತ್ತಲಲ್ಲಿದ್ದರೂ ಆ ಗ್ರಾಮ ಪಟ್ಟಿಯಿಂದ ಹೊರಬೀಳಬಹುದು. ಪಟ್ಟಿಯಿಂದ ಹೊರಬಿದ್ದ ಊರಿಗೆ ಮತ್ತೆ ಅನುದಾನ ತರುವುದು ಎಷ್ಟು ಕಷ್ಟವೆಂಬುದು ರಸ್ತೆ, ಕುಡಿಯುವ ನೀರಿನ ಯೋಜನೆಗಳನ್ನು ಕಂಡ ನಮಗೆ ಹೊಸತಲ್ಲ.

ನಿಯಂತ್ರಕ ಸಂಸ್ಥೆಯ ನಿಯಮಗಳಲ್ಲೂ ಇದೇ ಕೊರತೆ. ೨೦೨೪ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಟ್ರಾಯ್‌ನ ಹೊಸ ಗುಣಮಟ್ಟದ ನಿಯಮಾವಳಿ ಸೇವೆ ಸ್ಥಗಿತವಾದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆನ್ನುತ್ತದೆ. ಯಾವಾಗ? ಒಂದು ಜಿಲ್ಲೆಯಲ್ಲಿ ೨೪ ಗಂಟೆಗೂ ಮೀರಿ ಸೇವೆ ನಿಂತಾಗ. ಪ್ರಕೃತಿವಿಕೋಪದಿಂದಾದ ಸ್ಥಗಿತಕ್ಕೆ ವಿನಾಯಿತಿಯೂ ಇದೆ. ಒಂದು ಹೋಬಳಿ ಹತ್ತು ದಿನ ಮೂಕವಾಗಿದ್ದರೂ ಜಿಲ್ಲಾಕೇಂದ್ರದಲ್ಲಿ ಫೋನು ರಿಂಗಣಿಸುತ್ತಿದ್ದರೆ ಕಾನೂನಿನ ಕಣ್ಣಿಗೆ ಏನೂ ಆಗಿಲ್ಲ. ಮಳೆಯೇ ವಿನಾಯಿತಿಯಾದರೆ ವರ್ಷದ ನಾಲ್ಕು ತಿಂಗಳು ಮಳೆಯಲ್ಲೇ ಬದುಕುವವರಿಗೆ ಆ ನಿಯಮದಿಂದ ಪ್ರಯೋಜನವೇನು? ಗುಡ್ಡಗಾಡು ಜಿಲ್ಲೆಗಳಿಗಾದರೂ ಸ್ಥಗಿತದ ಲೆಕ್ಕ ಗೋಪುರವಾರು ನಡೆಯಬೇಕು. ಗೋಪುರ ಎಷ್ಟು ಗಂಟೆ ಮೂಕವಾಗಿತ್ತೆಂಬುದು ಪಂಚಾಯತಿಯ ಫಲಕದ ಮೇಲೆ ಪ್ರತಿ ತಿಂಗಳು ಕಾಣಬೇಕು.

ಇದೇ ನಿಯಮಾವಳಿಯಲ್ಲಿ ನಮಗೆ ಉಪಯುಕ್ತವಾದ ಅಂಶವೂ ಒಂದಿದೆ. ಯಾವ ಯಾವ ಜಾಗದಲ್ಲಿ ೨ಜಿ, ೪ಜಿ, ೫ಜಿ ಸಿಗುತ್ತದೆಂಬ ನಕ್ಷೆಯನ್ನು ಪ್ರತಿಯೊಂದು ಕಂಪನಿಯೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಕಂಪನಿ ತನ್ನ ಕೈಯಾರೆ ಬರೆದುಕೊಟ್ಟ ಈ ಹೇಳಿಕೆಯನ್ನು ನೆಲದ ಮೇಲೆ ಪರೀಕ್ಷಿಸುವ ಅವಕಾಶ ಈಗ ನಮ್ಮ ಕೈಯಲ್ಲಿದೆ.

ಕಾಡು ಮತ್ತು ಗೋಪುರ

ಪರಿಸರ ಬಳಗವಾದ ನಾವು ಗೋಪುರಗಳ ಪರವೋ ವಿರುದ್ಧವೋ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗೋಪುರದ್ದಲ್ಲ, ಜಾಗದ್ದು. ನೆತ್ತಿಯ ಶೋಲಾಕಾಡಿನ ನಡುವೆ ರಸ್ತೆ ಕಡಿದು, ವಿದ್ಯುತ್ ತಂತಿ ಎಳೆದು, ಡೀಸೆಲ್ ಸಾಗಿಸಿ ನಿಲ್ಲಿಸುವ ಎತ್ತರದ ಗೋಪುರ ಕಾಡಿಗೂ ಹಾನಿ. ಮೇಲೆ ವಿವರಿಸಿದಂತೆ ಕಣಿವೆಗೂ ಅಷ್ಟಾಗಿ ಉಪಯೋಗವಿಲ್ಲ. ಇಲ್ಲಿ ಕಾಡಿನ ಹಿತ ಮತ್ತು ಜನರ ಹಿತ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಶಾಲೆ, ಪಂಚಾಯತಿ, ಹಾಲಿನ ಡೇರಿ, ಸಹಕಾರಿ ಸಂಘಗಳ ಕಟ್ಟಡದ ಮೇಲೆ, ಈಗಿರುವ ವಿದ್ಯುತ್ ಕಂಬಗಳ ಸಾಲಿನಲ್ಲಿ, ಕಡಿಮೆ ಶಕ್ತಿಯ ಸಣ್ಣ ಆಂಟೆನಾಗಳು. ಅವುಗಳಿಗೆ ರಸ್ತೆ ಬದಿಯ ನೆಲದೊಳಗಿನ ಫೈಬರ್. ಸೌರಫಲಕ ಮತ್ತು ಗಟ್ಟಿ ಬ್ಯಾಟರಿ. ೨೦೧೧ರಲ್ಲಿ ಆರಂಭವಾಗಿ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯ ಕೇಬಲ್ ಎಷ್ಟೋ ಪಂಚಾಯತಿಗಳ ಬಾಗಿಲಿಗೆ ಬಂದು ನಿಂತಿದೆ. ಅಲ್ಲಿಂದ ಮಜರೆಗೆ ಫೈಬರ್ ಎಳೆದರೆ ಮನೆಯ ವೈ-ಫೈ ಮೂಲಕವೇ ಕರೆ ಮಾಡಬಹುದು. ಅದಕ್ಕೆ ಗೋಪುರವೇ ಬೇಡ.

ಇರುವ ಗೋಪುರಗಳನ್ನು ಹಂಚಿಕೊಳ್ಳುವುದೂ ಕಾಡನ್ನು ಉಳಿಸುವ ಉಪಾಯವೇ. ಸರ್ಕಾರಿ ನಿಧಿಯಿಂದ ಕಟ್ಟಿದ ಸುಮಾರು ೨೭,೮೦೦ ತಾಣಗಳಲ್ಲಿ ಬಿಎಸ್ಸೆನ್ನೆಲ್, ಏರ್‌ಟೆಲ್, ಜಿಯೋಗಳ ಗ್ರಾಹಕರು ಯಾರ ಗೋಪುರದಿಂದಲಾದರೂ ೪ಜಿ ಪಡೆಯುವ ವ್ಯವಸ್ಥೆಯನ್ನು ೨೦೨೫ರ ಜನವರಿ ೧೭ರಂದು ಆರಂಭಿಸಲಾಯಿತು. ಒಂದೇ ಗುಡ್ಡದ ಮೇಲೆ ಮೂರು ಕಂಪನಿಗಳ ಮೂರು ಗೋಪುರ ಏಕೆ ಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಎಲ್ಲ ಗೋಪುರಗಳೂ ಎಲ್ಲ ಗ್ರಾಹಕರಿಗೆ ತೆರೆದಿರಲಿ ಎಂದು ನಾವು ಕೇಳಬೇಕು.

ಅರಣ್ಯಭೂಮಿ ಬೇಕಾದಲ್ಲಿ ಕಾನೂನಿನ ದಾರಿಯೂ ಸ್ಪಷ್ಟವಿದೆ. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ೩(೨)ನೆಯ ಕಲಮು ಸರ್ಕಾರ ನಡೆಸುವ ಕೆಲವು ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ ೭೫ ಮರಗಳನ್ನು ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಲು ಅವಕಾಶ ಕೊಡುತ್ತದೆ. ಆ ಪಟ್ಟಿಯಲ್ಲಿ ವಿದ್ಯುತ್ ಮತ್ತು ದೂರಸಂಪರ್ಕ ತಂತಿಗಳಿವೆ. ಗ್ರಾಮಸಭೆಯನ್ನು ಬದಿಗೊತ್ತಿ ಯಾರೂ ಜಾಗ ಗುರುತಿಸುವಂತಿಲ್ಲ. ಅರಣ್ಯ ಇಲಾಖೆಯತ್ತ ಬೆರಳು ತೋರಿ ಕಂಪನಿ ಸುಮ್ಮನೆ ಕೂರುವಂತೆಯೂ ಇಲ್ಲ.

ವಿಕಿರಣದ ಭಯದ ಬಗ್ಗೆ ಎರಡು ಮಾತು. ಗೋಪುರಗಳ ವಿಕಿರಣಕ್ಕೆ ಭಾರತ ೨೦೧೨ರ ಸೆಪ್ಟೆಂಬರ್‌ನಿಂದ ಪಾಲಿಸುತ್ತಿರುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗ. ಗೋಪುರ ದೂರವಿದ್ದಷ್ಟೂ ನಮ್ಮ ಕಿವಿಯ ಬಳಿಯ ಫೋನೇ ಹೆಚ್ಚು ಶಕ್ತಿಯಿಂದ ಅಲೆ ಹೊಮ್ಮಿಸಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಜೇನು ನಾಶಕ್ಕೆ ಮೊಬೈಲೇ ಕಾರಣವೆಂಬ ಮಾತು ನಮ್ಮಲ್ಲಿ ಹಬ್ಬಿದೆ. ಆದರೆ ಥಾಯ್‌ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಜೇನನ್ನು ಬಹುಪಾಲು ಅಳಿಸಿದ್ದು ೧೯೯೧–೯೨ರಲ್ಲಿ. ಭಾರತಕ್ಕೆ ಮೊಬೈಲ್ ಬಂದದ್ದು ೧೯೯೫ರಲ್ಲಿ. ಜೇನಿನ ಇಂದಿನ ಸಂಕಟಕ್ಕೆ ಕೀಟನಾಶಕ ಮತ್ತು ಹೂಬಿಡುವ ಕಾಡುಮರಗಳ ನಾಶದ ಕಡೆ ಮೊದಲು ನೋಡೋಣ. ತಪ್ಪು ವಾದದಿಂದ ಒಳ್ಳೆಯ ಹೋರಾಟ ಬಲಹೀನವಾಗುತ್ತದೆ.

ನಾವು ಮಾಡಬೇಕಾದದ್ದು

ಬಂಧುಗಳೇ, ಮನವಿ ಕೊಟ್ಟು ಕಾಯುವ ಕಾಲ ಮುಗಿದಿದೆ. ಅಂಕಿಗೆ ಅಂಕಿಯಿಂದಲೇ ಉತ್ತರಿಸಬೇಕು. ಈ ಕೆಲಸಕ್ಕೆ ವಿದ್ಯಾರ್ಥಿಗಳಿಗಿಂತ ಯೋಗ್ಯರು ಬೇರಿಲ್ಲ. ಪ್ರತಿ ಮಜರೆಗೆ ಒಂದು ನೋಟ್‌ಬುಕ್ ಇಡಿ. ವಾರಕ್ಕೆರಡು ಬಾರಿ, ಒಂದೇ ಜಾಗದಲ್ಲಿ, ಒಮ್ಮೆ ಮನೆಯೊಳಗೆ ಒಮ್ಮೆ ಅಂಗಳದಲ್ಲಿ ನಿಂತು ಬರೆಯಿರಿ: ದಿನಾಂಕ, ಹೊತ್ತು, ಕಂಪನಿ, ಪರದೆಯಲ್ಲಿ ಕಂಡದ್ದು ೨ಜಿಯೋ ೪ಜಿಯೋ, ಕರೆ ಹೋಯಿತೋ ಇಲ್ಲವೋ, ಆ ಹೊತ್ತಿಗೆ ಕರೆಂಟ್ ಇತ್ತೋ ಇಲ್ಲವೋ, ಮಳೆಯಿತ್ತೋ ಇಲ್ಲವೋ. ಪರದೆಯ ಗೆರೆಗಳನ್ನು ನಂಬಬೇಡಿ. ಬಹುತೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ಲಿನ ಬಲ ಮೈನಸ್ ಅಂಕಿಯಲ್ಲಿ ಕಾಣುತ್ತದೆ. ೪ಜಿಯಲ್ಲಿ ಮೈನಸ್ ೯೦ರ ಆಸುಪಾಸು ಚೆನ್ನಾಗಿದೆ ಎಂದರ್ಥ. ಮೈನಸ್ ೧೧೦ ದಾಟಿದರೆ ಮಾತು ತುಂಡಾಗತೊಡಗುತ್ತದೆ. ಮೈನಸ್ ೧೨೦ರಲ್ಲಿ ಸಂಪರ್ಕ ಇದ್ದೂ ಇಲ್ಲದಂತೆ. ಹತ್ತು ಅಂಕಿ ಇಳಿದರೆ ಬಲ ಹತ್ತನೆಯ ಒಂದು ಭಾಗಕ್ಕೆ ಕುಸಿದಂತೆ.

ಮಳೆಗಾಲದ ನಾಲ್ಕು ತಿಂಗಳ ಈ ದಾಖಲೆಯನ್ನು ಕಂಪನಿಯ ನಕ್ಷೆಯ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಓದಿರಿ. ನಕ್ಷೆಯಲ್ಲಿ ಬಣ್ಣವಿದ್ದು ನೆಲದಲ್ಲಿ ಅಲೆಯಿಲ್ಲದ ಮಜರೆಗಳ ಹೆಸರುಗಳನ್ನು ನಿರ್ಣಯದಲ್ಲಿ ಬರೆಸಿರಿ. ಸಣ್ಣ ಆಂಟೆನಾ ಎಲ್ಲಿ ಕೂರಬಹುದೆಂಬ ಜಾಗವನ್ನೂ ನೀವೇ ಸೂಚಿಸಿರಿ. ನಿರ್ಣಯದ ಪ್ರತಿ ಕಂಪನಿಗೆ, ದೂರಸಂಪರ್ಕ ಇಲಾಖೆಗೆ, ಜಿಲ್ಲಾಧಿಕಾರಿಗಳಿಗೆ, ಸಂಸದರಿಗೆ ಹೋಗಲಿ. ಒಬ್ಬೊಬ್ಬ ಗ್ರಾಹಕನ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ. ಆದ್ದರಿಂದ ಕಂಪನಿಯ ದೂರುಕೇಂದ್ರ, ಅಲ್ಲಿ ನ್ಯಾಯ ಸಿಗದಿದ್ದರೆ ಅದರ ಮೇಲ್ಮನವಿ ಪ್ರಾಧಿಕಾರ ಎಂಬ ಎರಡು ಮೆಟ್ಟಿಲುಗಳನ್ನೂ ಹತ್ತಿ, ದೂರಿನ ಸಂಖ್ಯೆಗಳನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಮ್ಮ ಬೇಡಿಕೆಗಳು ನಾಲ್ಕು. ಜಾಲದ ಲೆಕ್ಕ ಮಜರೆವಾರು ಆಗಲಿ. ಪರೀಕ್ಷೆ ಮಳೆಗಾಲದಲ್ಲಿ ನಡೆಯಲಿ. ಗುಡ್ಡಗಾಡಿನ ಪ್ರತಿ ತಾಣಕ್ಕೂ ಕನಿಷ್ಠ ಮೂರು ದಿನ ನಡೆಯಬಲ್ಲ ಸೌರ–ಬ್ಯಾಟರಿ ಬೆಂಬಲವಿರಲಿ. ಜಾಗದ ಆಯ್ಕೆ ಗ್ರಾಮಸಭೆಯದಾಗಿರಲಿ. ಇವುಗಳಲ್ಲಿ ಒಂದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ, ಹೊಸದಾಗಿ ಕಾಡು ಕಡಿಯಬೇಕಿಲ್ಲ. ಬರುವ ಜೂನ್ ಒಂದರಿಂದ ದಾಖಲೆ ಆರಂಭಿಸುವ ಮಜರೆಗಳ ಹೆಸರುಗಳನ್ನು ನಮ್ಮ ಬಳಗಕ್ಕೆ ಬರೆದು ತಿಳಿಸಿ. ದೀಪಾವಳಿಯ ಹೊತ್ತಿನ ಸಂಚಿಕೆಯಲ್ಲಿ ಎಲ್ಲ ಮಜರೆಗಳ ಅಂಕಿಗಳನ್ನೂ ಒಟ್ಟಿಗೆ ಪ್ರಕಟಿಸುತ್ತೇವೆ.